ಎಡಕಲ್ಲಿನ ಗೋಡೆಯೆದುರು



ವಯನಾಡಿನ ಎಡಕಲ್ಲು ಎಂದೊಡನೆ ನಮ್ಮಲ್ಲಿ ಹಿರಿಯರಿಗೆ ಭಾರತೀಸುತರ ಕಾದಂಬರಿಯೂ 1973ರಲ್ಲಿ ಪುಟ್ಟಣ್ಣ ಕಣಗಾಲರು ಮಾಡಿದ ಚಲನಚಿತ್ರವೂ ನೆನಪಾಗುತ್ತವೆ. ಬೆಟ್ಟದ ಹೆಸರು ಅಂಬುಕುತ್ತಿ. ಅಂಬು ಎಂದರೆ ಬಾಣವೆಂದು ಹಳಗನ್ನಡ ಓದಿದ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಲವಕುಶರ ಬಾಣ ನಾಟಿ ಬಂಡೆ ಸೀಳಿತೆಂಬುದು ಅಲ್ಲಿಯ ಜನರ ನಂಬಿಕೆ. ಬೆಟ್ಟದ ದೇವಿಗೆ ಹರಕೆ ಹೊತ್ತು ಅವರು ಯಾತ್ರೆ ಹೋಗುತ್ತಿದ್ದರು.

ಗುಹೆಯೆಂದು ಕರೆದರೂ ಅದು ಗುಹೆಯಲ್ಲ. ಬಂಡೆಗಳ ನಡುವಣ ಬಿರುಕಿನಲ್ಲಿ ಮೇಲಿಂದ ಉರುಳಿದ ಭಾರಿ ಕಲ್ಲೊಂದು ಸಿಕ್ಕಿಕೊಂಡು ಚಾವಣಿಯಾಗಿದೆ. ಎಡೆಯಲ್ಲಿ ನಿಂತ ಕಲ್ಲು, ಆದ್ದರಿಂದ ಎಡಕಲ್ಲು. ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರದ ಈ ತಾಣಕ್ಕೆ ಕಡಿದಾದ ಏರು ಹತ್ತಬೇಕು. ಮಕ್ಕಳು ಓಡುತ್ತಾರೆ, ಏದುಸಿರು ಬಿಡುವವರು ನಾವು.

ಮಲಬಾರಿನ ಪೊಲೀಸ್ ಅಧಿಕಾರಿಯಾಗಿದ್ದ ಫ್ರೆಡ್ ಫಾಸೆಟ್ 1890ರ ದಶಕದಲ್ಲಿ ಇದನ್ನು ಕಂಡು, 1901ರಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಬರೆದರು. ಗೋಡೆಯ ತುಂಬ ಕೊರೆದ ರೇಖೆಗಳು: ತಲೆಯ ಮೇಲೆ ಎತ್ತರದ ಅಲಂಕಾರ ಧರಿಸಿದ ಮನುಷ್ಯರು, ಪ್ರಾಣಿಗಳು, ಚಕ್ರಗಳು, ಚೌಕಗಳು. ಇವುಗಳಲ್ಲಿ ಹಳೆಯವು ನವಶಿಲಾಯುಗದವೆಂದು ವಿದ್ವಾಂಸರ ಎಣಿಕೆ. ಬಹುಕಾಲದ ಮೇಲೆ ಬಂದವರು ಅದೇ ಗೋಡೆಯಲ್ಲಿ ತಮಿಳು ಬ್ರಾಹ್ಮಿ ಲಿಪಿಯಲ್ಲಿ ಬರೆದಿದ್ದಾರೆ. ಮೇಲಿನ ಸಂದಿಯಿಂದ ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ಗೆರೆಗಳು ಎದ್ದು ಕಾಣುತ್ತವೆ. ಅವಸರದಲ್ಲಿ ನೋಡಿದವರಿಗೆ ಬರಿಯ ಬಂಡೆ.

ಏಳನೆಯ ತರಗತಿಯ ಮಕ್ಕಳೊಡನೆ ಹೋಗಿದ್ದಾಗ ಒಬ್ಬ ಹುಡುಗ ಚೂಪುಗಲ್ಲು ಹಿಡಿದು ಬಂಡೆಯತ್ತ ಕೈ ಚಾಚಿದ. ಗದರಿಸಿದೆ. ಅವನು ಅಳುಕದೆ ಕೇಳಿದ: “ಅವರೂ ಗೀಚಿದ್ದಲ್ಲವೇ ಸರ್? ಆಮೇಲೆ ಬಂದವರೂ ಬರೆದರಂತೆ. ನನ್ನ ಹೆಸರು ಮಾತ್ರ ಯಾಕೆ ಬೇಡ?”

ನಿಯಮ ಹೇಳಿ ಬಾಯಿ ಮುಚ್ಚಿಸಬಹುದಿತ್ತು. ಆದರೆ ಪ್ರಶ್ನೆ ನ್ಯಾಯವಾದದ್ದು. ಪ್ರವಾಸದಲ್ಲಿ ನಾವು ಬಯಸುವುದು ಇಂಥದ್ದನ್ನೇ. ಅವನನ್ನು ಗೋಡೆಯೆದುರು ಕೂರಿಸಿ, ಒಂದು ಆಕೃತಿಯನ್ನು ಗೆರೆ ತಪ್ಪದಂತೆ ಪುಸ್ತಕಕ್ಕೆ ಇಳಿಸಲು ಹೇಳಿದೆ. ಅರ್ಧ ಗಂಟೆ ಹಿಡಿಯಿತು. ಒಂದೆಡೆ ಯಾರೋ ಪ್ರವಾಸಿ ಕೆತ್ತಿದ ಹೆಸರಿನ ಕೆಳಗೆ ಹಳೆಯ ಗೆರೆ ಕಾಣೆಯಾಗಿತ್ತು. ಅವನ ಪೆನ್ಸಿಲು ಅಲ್ಲಿಗೆ ಬಂದು ನಿಂತಿತು.

“ಸರ್, ಇಲ್ಲಿಂದ ಮುಂದೆ ಏನಿತ್ತು?”

ನನಗೂ ತಿಳಿಯದೆಂದೆ. ಆ ಜಾಗವನ್ನು ಅವನು ಖಾಲಿಯಾಗಿಯೇ ಬಿಟ್ಟ.