ನಂಬರ್ ಇದ್ದರೆ ಸಾಲದು, ಸೀಟು ಇದೆಯೇ ನೋಡಿ

(ಸ್ವಸಹಾಯ ಸಂಘಗಳ ಮಹಾಸಂಘದ ಸಭೆಯಲ್ಲಿ ನೀಡಿದ ಮಾಹಿತಿ)



ಸಭೆ ಸೇರಿದಾಗಲೆಲ್ಲ ನಾವು ಉಳಿತಾಯ, ಸಾಲ, ಮರುಪಾವತಿ ಬಗ್ಗೆ ಮಾತಾಡುತ್ತೇವೆ. ಇವತ್ತು ಬೇರೆ ವಿಷಯ. ರೈಲು ಮತ್ತು ವಿಮಾನದ ಟಿಕೆಟ್ಟಿನಲ್ಲಿ ಇರುವ ಪಿಎನ್‌ಆರ್ ನಂಬರ್ ಬಗ್ಗೆ ತಿಳಿದುಕೊಳ್ಳೋಣ. "ಅದೆಲ್ಲ ನಮಗೇಕೆ ಸಿಸ್ಟರ್?" ಅಂತ ನೀವು ಕೇಳಬಹುದು. ಮೊದಲು ನಮ್ಮಿಂದ ಆದ ಒಂದು ತಪ್ಪನ್ನು ಹೇಳುತ್ತೇವೆ.

2023ರ ಆಗಸ್ಟ್ ಕೊನೆಯಲ್ಲಿ ನಮ್ಮ ಸಂಘಗಳ 12 ಮಂದಿ ವೇಲಾಂಕಣಿ ಮಾತೆಯ ಹಬ್ಬಕ್ಕೆ ಹೊರಟಿದ್ದರು. ಪರಿಚಯದ ಒಬ್ಬರು ಟಿಕೆಟ್ ಮಾಡಿಕೊಟ್ಟರು. ಒಂದು ಪಿಎನ್‌ಆರ್‌ನಲ್ಲಿ ಆರು ಜನರಿಗೆ ಮಾತ್ರ ಟಿಕೆಟ್ ಸಿಗುವುದರಿಂದ ಎರಡು ನಂಬರ್ ಬಂತು. ನಾವು ಎರಡನ್ನೂ ಡೈರಿಯಲ್ಲಿ ಬರೆದುಕೊಂಡು "ಟಿಕೆಟ್ ಆಯಿತು" ಅಂದುಬಿಟ್ಟೆವು. ಬೆಂಗಳೂರಿನಲ್ಲಿ ರೈಲು ಹತ್ತಿದ ಮೇಲೆ ಟಿ.ಟಿ.ಇ. ತಮ್ಮ ಯಂತ್ರದಲ್ಲಿ ನೋಡಿ ಆರು ಜನರ ಹೆಸರೇ ಇಲ್ಲ ಎಂದರು. ಎರಡನೆಯ ಟಿಕೆಟ್ ವೇಟಿಂಗ್ ಲಿಸ್ಟ್‌ನಲ್ಲಿತ್ತು. ಚಾರ್ಟ್ ಆದಾಗ ತಾನಾಗಿಯೇ ರದ್ದಾಗಿತ್ತು. ಆರು ಜನ ಇಳಿದು ರಾತ್ರಿ ಬಸ್ಸಿಗೆ ಊರಿಗೆ ವಾಪಸ್ಸಾದರು. ಅವರಲ್ಲಿ ಒಬ್ಬ ಹಿರಿಯ ಅಕ್ಕ ಹೂ ಕಟ್ಟಿ ವಾರ ವಾರ ದುಡ್ಡು ಕೂಡಿಟ್ಟು ಹರಕೆಗೆ ಹೊರಟಿದ್ದವರು. ಮರುದಿನ ಬಂದು, "ಸಿಸ್ಟರ್, ನಂಬರ್ ಇತ್ತಲ್ಲ?" ಅಂತ ಕೇಳಿದರು. ನಮಗೆ ಉತ್ತರ ಹೇಳಲಾಗಲಿಲ್ಲ. ಓದಿದ ನಾವೇ ನೋಡಿರಲಿಲ್ಲ.

ಹಾಗಾದರೆ ಈ ನಂಬರ್ ಅಂದರೇನು? ನಿಮ್ಮ ಪಾಸ್‌ಬುಕ್ಕಿನ ಖಾತೆ ನಂಬರ್ ಇದ್ದ ಹಾಗೆ. ಖಾತೆ ನಂಬರ್ ಇದ್ದ ಮಾತ್ರಕ್ಕೆ ಖಾತೆಯಲ್ಲಿ ಹಣ ಇದೆ ಎನ್ನಲಾಗುತ್ತದೆಯೇ? ಪುಸ್ತಕ ತೆರೆದು ನೋಡಬೇಕು. ಪಿಎನ್‌ಆರ್ ಎಂದರೆ ಪ್ಯಾಸೆಂಜರ್ ನೇಮ್ ರೆಕಾರ್ಡ್, ಅಂದರೆ ಪ್ರಯಾಣಿಕರ ಹೆಸರಿನ ದಾಖಲೆ. ಯಾರು, ಯಾವ ರೈಲು, ಯಾವ ದಿನ, ಎಲ್ಲಿಂದ ಎಲ್ಲಿಗೆ, ಸೀಟು ಇದೆಯೋ ಇಲ್ಲವೋ, ಎಲ್ಲವೂ ಆ ನಂಬರಿನ ಹಿಂದೆ ಕಂಪ್ಯೂಟರಿನಲ್ಲಿ ಇರುತ್ತದೆ.

ರೈಲಿನ ಪಿಎನ್‌ಆರ್ 10 ಅಂಕಿಯದು. ಟಿಕೆಟ್ಟಿನ ಮೇಲ್ಭಾಗದಲ್ಲಿ ಇರುತ್ತದೆ. 139ಕ್ಕೆ ಫೋನ್ ಮಾಡಿ ಕೇಳಬಹುದು. ಅಥವಾ ಇಂಗ್ಲಿಷ್ ಅಕ್ಷರದಲ್ಲಿ ಪಿಎನ್‌ಆರ್ ಎಂದು ಬರೆದು, ಜಾಗ ಬಿಟ್ಟು, ಹತ್ತೂ ಅಂಕಿ ಹಾಕಿ 139ಕ್ಕೆ ಮೆಸೇಜ್ ಕಳಿಸಬಹುದು. ಉತ್ತರದಲ್ಲಿ ಮೂರು ಮಾತುಗಳಲ್ಲಿ ಒಂದು ಬರುತ್ತದೆ:

ಸಿಎನ್‌ಎಫ್: ಸೀಟು ಖಚಿತ. ಬೋಗಿ ಮತ್ತು ಬರ್ತ್ ನಂಬರ್ ನೋಡಿಕೊಳ್ಳಿ.

ಆರ್‌ಎಸಿ: ರೈಲು ಹತ್ತಬಹುದು, ಕೂರಲು ಜಾಗ ಇದೆ. ಸಾಮಾನ್ಯವಾಗಿ ಒಂದು ಬರ್ತ್‌ನಲ್ಲಿ ಇಬ್ಬರು ಕೂರಬೇಕು.

ಡಬ್ಲ್ಯುಎಲ್: ಇನ್ನೂ ಸರದಿಯಲ್ಲಿದ್ದೀರಿ, ಸೀಟು ಇಲ್ಲ.

ಇಲ್ಲಿ ಎರಡು ಸ್ಥಿತಿ ತೋರಿಸುತ್ತದೆ. ಒಂದು ಟಿಕೆಟ್ ಕೊಂಡ ದಿನದ್ದು, ಇನ್ನೊಂದು ಈಗಿನದು. ನಾವು ನೋಡಬೇಕಾದದ್ದು ಈಗಿನದನ್ನು. ಹೊರಡುವ ಹಿಂದಿನ ದಿನ ಒಮ್ಮೆ, ಚಾರ್ಟ್ ಆದ ಮೇಲೆ ಮನೆ ಬಿಡುವ ಮೊದಲು ಇನ್ನೊಮ್ಮೆ ನೋಡಿ.

ಹಣದ ವಿಷಯ ಚೆನ್ನಾಗಿ ಕೇಳಿಸಿಕೊಳ್ಳಿ. ಮೊಬೈಲಿನಲ್ಲಿ ಮಾಡಿದ ವೇಟಿಂಗ್ ಟಿಕೆಟ್ ರದ್ದಾದರೆ ಸ್ವಲ್ಪ ಕಡಿತವಾಗಿ ಹಣ ತಾನಾಗಿಯೇ ವಾಪಸ್ ಬರುತ್ತದೆ. ಆದರೆ ಯಾರ ಖಾತೆಯಿಂದ ಕಟ್ಟಿದ್ದರೋ ಅವರ ಖಾತೆಗೇ ಹೋಗುತ್ತದೆ. ನಮ್ಮ ಆರು ಜನರ ಹಣ ಹಾಗೆಯೇ ಟಿಕೆಟ್ ಮಾಡಿದವರ ಖಾತೆಗೆ ಹೋಗಿತ್ತು. ಕೇಳಿ ಕೇಳಿ ತರಬೇಕಾಯಿತು. ಕೌಂಟರಿನಲ್ಲಿ ಕೊಂಡ ವೇಟಿಂಗ್ ಟಿಕೆಟ್ ತಾನಾಗಿ ರದ್ದಾಗುವುದಿಲ್ಲ. ರೈಲು ಹೊರಡುವ ಅರ್ಧ ಗಂಟೆ ಮೊದಲೇ ರದ್ದು ಮಾಡಿಸಬೇಕು.

ಇನ್ನು ವಿಮಾನ. ನಮಗೂ ವಿಮಾನಕ್ಕೂ ಏನು ಸಂಬಂಧ ಅನ್ನಬೇಡಿ. ನಮ್ಮ ಎಷ್ಟೋ ಮನೆಗಳ ಮಕ್ಕಳು ದುಬೈ, ಕುವೈಟ್ ಅಂತ ಕೆಲಸಕ್ಕೆ ಹೋಗುತ್ತಾರೆ. ಸಂಘದ ಸಾಲ ತೆಗೆದು ಏಜೆಂಟರಿಗೆ ಕಟ್ಟುವವರು ತಾಯಂದಿರೇ. ವಿಮಾನದ ಪಿಎನ್‌ಆರ್ ಆರು ಅಕ್ಷರದ್ದು, ಇಂಗ್ಲಿಷ್ ಅಕ್ಷರ ಮತ್ತು ಅಂಕಿ ಬೆರೆತಿರಬಹುದು. ಇದು ಬುಕಿಂಗ್ ಆದದ್ದಕ್ಕೆ ಗುರುತು ಅಷ್ಟೇ. ಹಣ ಕಟ್ಟದೆ ಸ್ವಲ್ಪ ಹೊತ್ತು ಸೀಟು ಹಿಡಿದಿಟ್ಟರೂ ಈ ನಂಬರ್ ಬರಬಹುದು. ಹಣ ಕಟ್ಟಿ ಟಿಕೆಟ್ ಆದ ಮೇಲೆ ಅನೇಕ ವಿಮಾನ ಕಂಪನಿಗಳಲ್ಲಿ 13 ಅಂಕಿಯ ಟಿಕೆಟ್ ನಂಬರ್ ಬೇರೆ ಬರುತ್ತದೆ. ಆದ್ದರಿಂದ ಏಜೆಂಟರ ಹತ್ತಿರ ಎರಡೂ ನಂಬರ್ ಕೇಳಿ. ಟ್ರಾವೆಲ್ಸ್‌ನವರು ತಮ್ಮದೇ ಒಂದು ನಂಬರ್ ಕೊಡುವುದೂ ಉಂಟು, ಅದು ವಿಮಾನ ಕಂಪನಿಯ ಪಿಎನ್‌ಆರ್ ಅಲ್ಲ. ಪಿಎನ್‌ಆರ್ ಮತ್ತು ಮನೆತನದ ಹೆಸರು ಹಾಕಿ ವಿಮಾನ ಕಂಪನಿಯ ವೆಬ್‌ಸೈಟಿನಲ್ಲೇ ಮಕ್ಕಳಿಂದ ನೋಡಿಸಿ. ಹೆಸರು ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೆಯೇ ಇದೆಯೇ ನೋಡಿ. ಇದೆಲ್ಲ ಸರಿಯಾದ ಮೇಲೆ ಉಳಿದ ಹಣ ಕೊಡಿ.

ಆ ನಂಬರ್ ಮತ್ತು ಹೆಸರು ಇದ್ದರೆ ನಾವು ನೋಡಿದ ಹಾಗೆ ಬೇರೆಯವರೂ ನೋಡಬಹುದು, ಬದಲಾಯಿಸಲೂಬಹುದು. ಮಗ ವಿಮಾನ ಹತ್ತಿದ ಅಂತ ಟಿಕೆಟ್ಟಿನ ಫೋಟೊ ವಾಟ್ಸಪ್ ಸ್ಟೇಟಸ್‌ಗೆ ಹಾಕಬೇಡಿ. "ಟಿಕೆಟ್ ಹಣ ವಾಪಸ್ ಕೊಡುತ್ತೇವೆ, ಒಟಿಪಿ ಹೇಳಿ" ಅಂತ ಯಾರಾದರೂ ಫೋನ್ ಮಾಡಿದರೆ, ಅವರು ಪಿಎನ್‌ಆರ್ ಸರಿಯಾಗಿ ಹೇಳಿದರೂ ನಂಬಬೇಡಿ.

ಹಬ್ಬಕ್ಕೆ ಹೋಗುವವರಿಗೆ ಒಂದು ಮಾತು. 2024ರ ನವೆಂಬರ್ 1ರಿಂದ ರೈಲಿನ ಮುಂಗಡ ಟಿಕೆಟ್ 60 ದಿನ ಮೊದಲಷ್ಟೇ ಸಿಗುತ್ತದೆ. ಸೆಪ್ಟೆಂಬರ್ 8ರ ಹಬ್ಬಕ್ಕೆ ಜುಲೈ ಮೊದಲಲ್ಲೇ ಎಚ್ಚರವಾಗಿರಿ.

ಆ ಹಿರಿಯ ಅಕ್ಕ ಮರುವರ್ಷ ವೇಲಾಂಕಣಿಗೆ ಹೋಗಿ ಹರಕೆ ತೀರಿಸಿ ಬಂದರು. ಹೊರಡುವ ಮೊದಲು ಮೊಮ್ಮಗಳಿಂದ ಎರಡು ಸಲ 139ಕ್ಕೆ ಫೋನ್ ಮಾಡಿಸಿದರಂತೆ. ನಮ್ಮನ್ನು ನಂಬಿ ಕೂರಲಿಲ್ಲ, ಒಳ್ಳೆಯದೇ ಆಯಿತು!

ಮುಂದಿನ ವಾರದ ಸಭೆಯಲ್ಲಿ ಪ್ರತಿ ಸಂಘದವರೂ ಹಳೆಯದೋ ಹೊಸದೋ ಒಂದು ಟಿಕೆಟ್ ತಂದು, ಪಿಎನ್‌ಆರ್ ಎಲ್ಲಿದೆ, ಸ್ಥಿತಿ ಎಲ್ಲಿ ಬರೆದಿದೆ ಎಂದು ಒಬ್ಬರಿಗೊಬ್ಬರು ತೋರಿಸಿಕೊಳ್ಳಿ. ಓದಲು ಬಾರದವರ ಪಕ್ಕ ಓದು ಬಲ್ಲವರು ಕೂರಲಿ. ನಿಮ್ಮ ಪ್ರಯಾಣಗಳೆಲ್ಲ ಸುಖವಾಗಲಿ. ದೇವರು ನಿಮ್ಮನ್ನು ಆಶೀರ್ವದಿಸಲಿ.