ತಿರುವಿಗೆ ಮುನ್ನ
(ಬಾನುಲಿ ಭಾಷಣ)

ನಲವತ್ತೇಳನೆಯ ವಯಸ್ಸಿನಲ್ಲಿ ಮನುಷ್ಯ ಹೊಸದಾಗಿ ಕಲಿಯಬಹುದಾದ ವಿದ್ಯೆಗಳು ಹಲವಿವೆ. ವೀಣೆ ಕಲಿಯಬಹುದು, ಹಳಗನ್ನಡ ಕಾವ್ಯವನ್ನು ಮತ್ತೆ ಮೊದಲಿನಿಂದ ಓದಬಹುದು, ಮನೆಯ ಹಿಂದಿನ ಆರಡಿ ನೆಲದಲ್ಲಿ ಗುಲಾಬಿ ಬೆಳೆಸಬಹುದು. ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವ ನಾನು ಇವೆಲ್ಲವನ್ನೂ ಬಿಟ್ಟು, ಮೋಟಾರು ಸೈಕಲನ್ನು ಪಂದ್ಯಗಳು ನಡೆಯುವ ಪಥದ ಮೇಲೆ ಓಡಿಸುವುದನ್ನು ಕಲಿಯಲು ಹೊರಟೆ. ಸುದ್ದಿ ಕೇಳಿದ ಸಹೋದ್ಯೋಗಿಗಳು ಮೊದಲು ನಕ್ಕರು. ಆಮೇಲೆ ನನ್ನ ಆರೋಗ್ಯ ವಿಚಾರಿಸಿದರು. ಎರಡಕ್ಕೂ ನಾನು ಅರ್ಹನೇ. ಆದರೂ ಆ ಹುಚ್ಚಿಗೊಂದು ಕಾರಣವಿತ್ತು. ಅದನ್ನು ಮೊದಲೇ ಹೇಳಿಬಿಡುವುದು ಪ್ರಾಮಾಣಿಕತೆ.

ಮೂರು ವರ್ಷಗಳ ಹಿಂದೆ ಒಂದು ಭಾನುವಾರ ಬೆಳಗ್ಗೆ ನಾನು, ನನ್ನ ಅಕ್ಕನ ಮಗ, ಇಬ್ಬರೂ ಶಿವನಸಮುದ್ರದ ಕಡೆಗೆ ಹೊರಟಿದ್ದೆವು. ಬೈಕು ನನ್ನದು, ಹೊಸದು. ಇಪ್ಪತ್ತೈದು ವರ್ಷದಿಂದ ಓಡಿಸುತ್ತಿದ್ದೇನೆ ಎಂಬ ಹೆಮ್ಮೆಯೂ ನನ್ನದೇ. ಒಂದು ಬಲತಿರುವಿಗೆ ಬೇಕಾದುದಕ್ಕಿಂತ ಹೆಚ್ಚು ವೇಗದಲ್ಲಿ ನುಗ್ಗಿದೆ. ಎದುರಿಗೆ ರಸ್ತೆಯ ಅಂಚಿನಲ್ಲಿ ಒಂದು ಹುಣಿಸೆಯ ಮರ. ಅದನ್ನು ಕಂಡು ಹೆದರಿದೆ. ಹೆದರಿ ಅದನ್ನೇ ನೋಡಿದೆ. ನೋಡನೋಡುತ್ತ ಅಲ್ಲಿಗೇ ಹೋದೆ. ನನಗೆ ಮೊಣಕೈ ತರಚಿತು. ಕಾಲೇಜಿನ ಕಬಡ್ಡಿ ತಂಡದಲ್ಲಿ ಆಡುತ್ತಿದ್ದ ಹುಡುಗನ ತೊಡೆಯ ಮೂಳೆ ಮುರಿಯಿತು. ಇಂದಿಗೂ ಅವನ ಬಲಗಾಲು ಅರ್ಧ ಅಂಗುಲ ಗಿಡ್ಡ. ಆಸ್ಪತ್ರೆಯ ಪಡಸಾಲೆಯಲ್ಲಿ ಅಕ್ಕ ಹೇಳಿದ್ದು ಒಂದೇ ಮಾತು: "ನಿನಗೇನೂ ಆಗಲಿಲ್ಲವಲ್ಲ, ಬಿಡು." ಬೈದಿದ್ದರೆ ತಡೆದುಕೊಳ್ಳಬಹುದಾಗಿತ್ತು.

ಹುಡುಗ ಮುಂದೆ ಡಿಪ್ಲೊಮಾ ಮುಗಿಸಿ ಒಂದು ಗ್ಯಾರೇಜಿನಲ್ಲಿ ಕೆಲಸಕ್ಕೆ ಸೇರಿದ. ಎರಡು ವರ್ಷ ನಾನು ಬೈಕನ್ನು ಮುಟ್ಟಲಿಲ್ಲ. ಒಂದು ದಿನ ಅವನೇ ಬಂದು ಅದರ ಮೇಲಿನ ಧೂಳು ಒರೆಸುತ್ತ ಹೇಳಿದ: "ಮಾವ, ನೀವು ಬೈಕ್ ಬಿಟ್ಟಿರಿ, ತಪ್ಪು ಮಾತ್ರ ಹಾಗೇ ಉಳಿದಿದೆ. ಕಲಿತುಕೊಂಡು ಬೇಕಾದರೆ ಬಿಡಿ." ಪಾಠ ಹೇಳಿ ಜೀವನ ಮಾಡುವವನಿಗೆ ಇದಕ್ಕಿಂತ ದೊಡ್ಡ ಪಾಠ ಯಾರೂ ಹೇಳಿರಲಿಲ್ಲ.

ಅವನು ಸೂಚಿಸಿದ ದಾರಿಗೆ 'ಟ್ರ್ಯಾಕ್ ಡೇ' ಎಂದು ಹೆಸರು. ಇದು ಪಂದ್ಯವಲ್ಲ. ಪಂದ್ಯವಿಲ್ಲದ ದಿನಗಳಲ್ಲಿ ಶುಲ್ಕ ಕೊಟ್ಟವರಿಗೆ ಪಥವನ್ನು ತೆರೆದಿಡುತ್ತಾರೆ. ಅನುಭವಕ್ಕೆ ತಕ್ಕಂತೆ ಗುಂಪು ಮಾಡಿ, ಹದಿನೈದು ಇಪ್ಪತ್ತು ನಿಮಿಷಗಳ ಸರದಿಗಳಲ್ಲಿ ಬಿಡುತ್ತಾರೆ. ಅಲ್ಲಿ ಎದುರಿನಿಂದ ಬರುವ ಲಾರಿಯಿಲ್ಲ, ಅಡ್ಡ ಬರುವ ಎಮ್ಮೆಯಿಲ್ಲ, ಮರವಿಲ್ಲ. ತಪ್ಪಿದವನು ಜಾರಿ ನಿಲ್ಲುವುದಕ್ಕೆ ಬಯಲಿದೆ, ಎತ್ತಿಕೊಳ್ಳಲು ಆಂಬುಲೆನ್ಸ್ ಇದೆ. 2022ರ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರೆಂದು ಸರ್ಕಾರದ ವರದಿ ಹೇಳುತ್ತದೆ. ಅವರಲ್ಲಿ ನೂರಕ್ಕೆ ನಲವತ್ತನಾಲ್ಕಕ್ಕೂ ಹೆಚ್ಚು ಮಂದಿ ದ್ವಿಚಕ್ರಿಗಳು. ವೇಗವನ್ನು ಕಲಿಯಲೇಬೇಕೆನ್ನುವವನಿಗೆ ರಸ್ತೆ ಪಾಠಶಾಲೆಯಲ್ಲ.

ಬೆಂಗಳೂರಿಗರಿಗೆ ಆ ಪಾಠಶಾಲೆ ಸುಮಾರು ಮುನ್ನೂರು ಕಿಲೋಮೀಟರ್ ದೂರದಲ್ಲಿ, ಚೆನ್ನೈ ಸಮೀಪದ ಇರುಂಗಾಟ್ಟುಕೋಟ್ಟೈಯಲ್ಲಿದೆ. ಮೊದಲು ಮದರಾಸಿನ ಪಂದ್ಯಗಳು ಶೋಳವರಂನಲ್ಲಿ, ಎರಡನೆಯ ಮಹಾಯುದ್ಧದ ಕಾಲದ ಹಳೆಯ ವಿಮಾನಪಥದ ಮೇಲೆ ನಡೆಯುತ್ತಿದ್ದವು. 1990ರಲ್ಲಿ ಈ ಪಥ ಸಿದ್ಧವಾಯಿತು. ಒಂದು ಸುತ್ತಿಗೆ 3.7 ಕಿಲೋಮೀಟರ್, ಹನ್ನೆರಡು ತಿರುವು. ಪಕ್ಕದಲ್ಲೇ ಶ್ರೀಪೆರುಂಬುದೂರು, ರಾಮಾನುಜಾಚಾರ್ಯರು ಹುಟ್ಟಿದ ಊರು. ಆಚಾರ್ಯರು ಅಲ್ಲಿಂದ ಹೊರಟ ಬಾಳಿನ ದಾರಿಯಲ್ಲಿ ನಮ್ಮ ಮೇಲುಕೋಟೆಗೆ ಬಂದು ನೆಲೆಸಿದ್ದರು. ನಾನು ಮೇಲುಕೋಟೆಯ ಸೀಮೆಯವನು, ಒಂದು ಲಘುತರವಾದ ಜ್ಞಾನಕ್ಕಾಗಿ ಅವರ ಹುಟ್ಟೂರಿನ ದಾರಿ ಹಿಡಿದೆ.

ಸಿದ್ಧತೆಗೆ ಒಂದು ತಿಂಗಳು ಹಿಡಿಯಿತು. ಮೊದಲನೆಯದು ಯಂತ್ರದ ಸಿದ್ಧತೆ. ಅದರಲ್ಲಿ ಸೇರಿಸುವುದಕ್ಕಿಂತ ಕಳೆಯುವುದೇ ಹೆಚ್ಚು. ಅಳಿಯ ನನ್ನ ಬೈಕಿನಿಂದ ಒಂದೊಂದಾಗಿ ಕಳಚತೊಡಗಿದ: ಕನ್ನಡಿ, ನಂಬರ್ ಪ್ಲೇಟು, ಸೀರೆ ಗಾರ್ಡು, ಕ್ರಾಶ್ ಗಾರ್ಡು. ಬಿದ್ದರೆ ಗಾಜು ಚೂರಾಗಿ ಹರಡದಂತೆ ದೀಪಗಳಿಗೆಲ್ಲ ಟೇಪು ಸುತ್ತಿದ. "ಕನ್ನಡಿಯಿಲ್ಲದೆ ಹಿಂದೆ ಬರುವವರು ಹೇಗೆ ಕಾಣಬೇಕೋ?" ಎಂದೆ. "ಕಾಣಬಾರದು ಮಾವ. ಹಿಂದಿನವನ ಹೊಣೆ ಹಿಂದಿನವನದು. ನೀವು ಮುಂದೆ ನೋಡಿ" ಎಂದ. ಕಾವ್ಯಮೀಮಾಂಸೆಯ ತರಗತಿಯಲ್ಲಿ ಹೇಳಬಹುದಾದ ಮಾತು.

ಕೂಲೆಂಟ್ ಬಸಿದು ಬರಿಯ ಶುದ್ಧನೀರು ತುಂಬಿದ. ಕೂಲೆಂಟಿನಲ್ಲಿರುವ ಗ್ಲೈಕಾಲ್ ಪಥದ ಮೇಲೆ ಚೆಲ್ಲಿದರೆ ಎಣ್ಣೆಯಂತೆ ಜಾರುತ್ತದೆ, ಬೇಗ ಆರುವುದೂ ಇಲ್ಲ. ನನ್ನ ಸೋರಿಕೆಗೆ ಇನ್ನೊಬ್ಬನ ಎಲುಬು ಬೆಲೆ ತೆರಬೇಕಾಗುತ್ತದೆ. ಅದೇ ಕಾರಣಕ್ಕೆ ಎಂಜಿನ್ ಆಯಿಲಿನ ಬೋಲ್ಟು ಕಂಪನಕ್ಕೆ ಸಡಿಲವಾಗದಂತೆ ಅದಕ್ಕೆ ತಂತಿ ಬಿಗಿದ. ಬ್ರೇಕ್ ಆಯಿಲನ್ನು ಪೂರಾ ಬದಲಿಸಿದ. ಈ ದ್ರವ ಗಾಳಿಯ ತೇವವನ್ನು ಹೀರುವ ಸ್ವಭಾವದ್ದು. ನಾವು ಸಾಮಾನ್ಯವಾಗಿ ಬಳಸುವ ನಾಲ್ಕನೆಯ ದರ್ಜೆಯ ಬ್ರೇಕ್ ಆಯಿಲು ಹೊಸದಾಗಿದ್ದಾಗ 230 ಡಿಗ್ರಿಯವರೆಗೆ ಕುದಿಯಬಾರದೆಂಬುದು ನಿಯಮ. ತೇವ ಹೀರಿದ ಮೇಲೆ ಅದು 155 ಡಿಗ್ರಿಗೇ ಕುದಿಯಬಹುದು. ಕುದಿದರೆ ಆವಿಯ ಗುಳ್ಳೆ. ಗುಳ್ಳೆಯಿದ್ದರೆ ಬ್ರೇಕ್ ಹಿಡಿದಾಗ ಕೈಗೆ ಸಿಗುವುದು ಬರೀ ಗಾಳಿ. ಟಯರು ಓಡಿ ಬಿಸಿಯಾದಾಗ ಒಳಗಿನ ಗಾಳಿಯ ಒತ್ತಡ ಏರುವುದರಿಂದ ತಣ್ಣಗಿರುವಾಗ ಕೆಲವು ಪೌಂಡು ಕಡಿಮೆ ಇಡಬೇಕು. ಚೈನು, ಬ್ರೇಕಿನ ಪ್ಯಾಡು, ಆಕ್ಸಿಲರೇಟರು ಕೈಬಿಟ್ಟೊಡನೆ ಹಿಂದಕ್ಕೆ ಬರುವುದು, ಎಲ್ಲವನ್ನೂ ನೋಡಿದ. ನೋಡುವಾಗ ಅವನು ಕುಕ್ಕರುಗಾಲಿನಲ್ಲಿ ಕೂರಲಾರ. ಬಲಗಾಲನ್ನು ನೀಡಿಕೊಂಡು ನೆಲದ ಮೇಲೆ ಕೂರುತ್ತಾನೆ. ನಾನು ಪಾನೆ ಎತ್ತಿ ಕೊಡುತ್ತಿದ್ದೆ, ಮಾತು ಹೊರಡುತ್ತಿರಲಿಲ್ಲ.

ಎರಡನೆಯದು ಉಡುಪು. ಮೈಗೆ ಬಿಗಿಯಾದ ಚರ್ಮದ ಅಂಗಿ ಷರಾಯಿ, ಎರಡಕ್ಕೂ ನಡುವಿನಲ್ಲಿ ಜಿಪ್ಪು, ಬೆನ್ನಿಗೊಂದು ಕವಚ, ಮಣಿಕಟ್ಟು ಮುಚ್ಚುವ ಕೈಗವಸು, ಕಣಕಾಲು ಮುಚ್ಚುವ ಬೂಟು, ಮುಖ ಪೂರಾ ಮುಚ್ಚುವ ಹೆಲ್ಮೆಟ್ಟು. ಬಾಡಿಗೆಗೆ ತಂದದ್ದನ್ನು ಮನೆಯಲ್ಲಿ ತೊಟ್ಟು ನಿಂತಾಗ ನನ್ನ ಹೆಂಡತಿ ಬಾಗಿಲಲ್ಲೇ ನಿಂತು ನೋಡಿದಳು. ಕರ್ಣನಿಗೆ ಕವಚ ಹುಟ್ಟಿನಿಂದ ಬಂದಿತ್ತು, ನನಗೆ ದಿನದ ಬಾಡಿಗೆಗೆ, ಎಂದು ನಗೆ ತರಲು ನೋಡಿದೆ. ಅವಳು ನಗಲಿಲ್ಲ. "2023ರ ಆಗಸ್ಟ್‌ನಲ್ಲಿ ನಮ್ಮ ಬೆಂಗಳೂರಿನದೇ ಹದಿಮೂರು ವರ್ಷದ ಮಗು ಅಲ್ಲಿ ಹೋಯಿತಲ್ಲ, ಆ ಮಗುವಿಗೂ ಇದೆಲ್ಲ ಹಾಕಿದ್ದರಲ್ಲವೇನ್ರೀ?" ಎಂದಳು. ಹೌದು, ಅದೇ ಪಥ; ಪಂದ್ಯದ ನಡುವೆ. ನನ್ನಲ್ಲಿ ಉತ್ತರವಿರಲಿಲ್ಲ, ಇಂದಿಗೂ ಇಲ್ಲ. ಕವಚ ಅಪಾಯವನ್ನು ಕಡಿಮೆ ಮಾಡೀತು, ಇಲ್ಲವಾಗಿಸದು. ಅದು ಗೊತ್ತಿರುವವನು ಮಾತ್ರ ಅಲ್ಲಿಗೆ ಹೋಗಬೇಕು ಎಂದಷ್ಟೇ ಹೇಳಬಲ್ಲೆ. ಆ ರಾತ್ರಿ ವಿಮೆಯ ಕಾಗದಪತ್ರಗಳನ್ನು ತೆಗೆದು ಅವಳಿಗೆ ತಿಳಿಯುವ ಕಡೆ ಇಟ್ಟೆ. ಇದೂ ಸಿದ್ಧತೆಯೇ.

ಮೂರನೆಯದು, ಎಲ್ಲಕ್ಕಿಂತ ಕಷ್ಟದ್ದು, ಬುದ್ಧಿಯ ಸಿದ್ಧತೆ. ಇಪ್ಪತ್ತೈದು ವರ್ಷ ಓಡಿಸಿದವನು ತನಗೇನೂ ಗೊತ್ತಿಲ್ಲವೆಂದು ಒಪ್ಪಿಕೊಳ್ಳಬೇಕು. ಬೈಕು ತಿರುವಿನಲ್ಲಿ ವಾಲುವುದೇಕೆಂದು ನಾನು ಎಂದೂ ಯೋಚಿಸಿರಲಿಲ್ಲ. ನಲವತ್ತು ಮೀಟರ್ ತ್ರಿಜ್ಯದ ಒಂದು ತಿರುವನ್ನು ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ದಾಟಲು ಸುಮಾರು ಹದಿನಾಲ್ಕು ಡಿಗ್ರಿ ವಾಲಿದರೆ ಸಾಕು. ವೇಗ ಎರಡರಷ್ಟು, ಅಂದರೆ 72 ಆದರೆ, ವಾಲಬೇಕಾದದ್ದು ಸುಮಾರು ನಲವತ್ತೈದು ಡಿಗ್ರಿ! ವೇಗ ದುಪ್ಪಟ್ಟಾದಾಗ ಬೇಕಾಗುವ ಬಲ ನಾಲ್ಕು ಪಟ್ಟು. ಆ ಬಲವನ್ನೆಲ್ಲ ಕೊಡಬೇಕಾದದ್ದು ಅಂಗೈಯಗಲ ನೆಲ ಮುಟ್ಟುವ ರಬ್ಬರು. ರಬ್ಬರಿನ ಹಿಡಿತಕ್ಕೆ ಮಿತಿಯಿದೆ. ಬ್ರೇಕಿಗೆ ಅದನ್ನೆಲ್ಲ ಖರ್ಚು ಮಾಡಿದರೆ ತಿರುವಿಗೆ ಉಳಿಯುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಇಲ್ಲಿ ಭೌತಶಾಸ್ತ್ರ. ಆದ್ದರಿಂದ ಹೊಸಬನು ನೇರವಾಗಿರುವಾಗಲೇ ವೇಗ ಇಳಿಸಿ, ಬ್ರೇಕ್ ಬಿಟ್ಟು, ಆಮೇಲೆ ವಾಲಬೇಕು.

1980ರಲ್ಲಿ ಅಮೆರಿಕದಲ್ಲಿ ಬೈಕು ಓಡಿಸುವ ಶಾಲೆಯೊಂದನ್ನು ಆರಂಭಿಸಿದ ಕೀತ್ ಕೋಡ್ ಎಂಬಾತ ಗಮನವನ್ನು ಹಣಕ್ಕೆ ಹೋಲಿಸುತ್ತಾನೆ. ಸವಾರನ ಜೇಬಿನಲ್ಲಿರುವುದು ಹತ್ತೇ ಡಾಲರ್. ಹೊಸಬನು ಒಂದೊಂದು ಕೆಲಸಕ್ಕೂ ಐದೈದು ಖರ್ಚು ಮಾಡಿ ದಿವಾಳಿಯಾಗುತ್ತಾನೆ. ಅಭ್ಯಾಸವಾದವನಿಗೆ ಅದೇ ಕೆಲಸ ಚಿಲ್ಲರೆಯಲ್ಲಿ ಮುಗಿಯುತ್ತದೆ. ಹುಣಿಸೆಯ ಮರದ ಮುಂದೆ ನಾನು ಹತ್ತನ್ನೂ ಹೆದರಿಕೆಗೆ ಕೊಟ್ಟಿದ್ದೆ.

ಇನ್ನು ಕಣ್ಣು. ಬೈಕು ಕಣ್ಣು ಹೋದ ಕಡೆ ಹೋಗುತ್ತದೆ. ದ್ರೋಣರ ಪರೀಕ್ಷೆಯಲ್ಲಿ ಅರ್ಜುನ ಹಕ್ಕಿಯ ಕಣ್ಣನ್ನು ಮಾತ್ರ ಕಂಡನೆಂಬ ಕಥೆಯನ್ನು ನಾನು ನೂರು ಸಲ ತರಗತಿಯಲ್ಲಿ ಹೇಳಿದ್ದೇನೆ. ಪಥದ ವಿದ್ಯೆ ಅದಕ್ಕೊಂದು ತಿದ್ದುಪಡಿ ಕೇಳುತ್ತದೆ: ಒಂದನ್ನು ಕಾಣು, ಆದರೆ ಅಲ್ಲಿ ನಿಲ್ಲಬೇಡ. ಬ್ರೇಕ್ ಹಿಡಿಯುವ ಗುರುತು, ತಿರುಗುವ ಗುರುತು, ತಿರುವಿನ ಒಳ ಅಂಚು, ಹೊರಬರುವ ದಾರಿ, ಹೀಗೆ ಒಂದನ್ನು ಮುಟ್ಟುವ ಮೊದಲೇ ದೃಷ್ಟಿ ಮುಂದಿನದಕ್ಕೆ ಹೋಗಿರಬೇಕು. ಹೆದರಿದ ಕಣ್ಣು ಹತ್ತಿರದ್ದಕ್ಕೆ ಅಂಟಿಕೊಳ್ಳುತ್ತದೆ. ಒಂದು ತಿಂಗಳ ಕಾಲ ಸಂಜೆ ನಡೆಯುವಾಗ, ಆಟೊದಲ್ಲಿ ಕೂತಾಗ, ಮೆಟ್ಟಲು ಹತ್ತುವಾಗ ಇದನ್ನೇ ಅಭ್ಯಾಸ ಮಾಡಿದೆ.

ಹೊರಟದ್ದು ಒಂದು ಶುಕ್ರವಾರ. ಬೈಕನ್ನು ಟೆಂಪೊದಲ್ಲಿ ಕಟ್ಟಿ ಸಾಗಿಸಿದೆವು. ದಣಿದ ಮೈಯಲ್ಲಿ ಮುನ್ನೂರು ಕಿಲೋಮೀಟರ್ ಹಿಂದಿರುಗುವುದು ಪಥಕ್ಕಿಂತ ಅಪಾಯದ್ದು. ಬೆಳಗ್ಗೆ ತಪಾಸಣೆಯವರು ಬೈಕಿನ ಬೋಲ್ಟು ಬೋಲ್ಟನ್ನೂ ಮುಟ್ಟಿ ನೋಡಿದರು. ಅನಂತರ ಎಲ್ಲರನ್ನೂ ಕೂರಿಸಿ ಬಾವುಟಗಳ ಭಾಷೆ ಹೇಳಿಕೊಟ್ಟರು. ಹಳದಿ ಎಂದರೆ ಮುಂದೆ ಅಪಾಯವಿದೆ, ಯಾರನ್ನೂ ಹಿಂದೆ ಹಾಕಬೇಡ. ಕೆಂಪು ಎಂದರೆ ಓಟ ನಿಂತಿತು, ನಿಧಾನವಾಗಿ ಒಳಗೆ ಬಾ. ನೀಲಿ ಎಂದರೆ ಹಿಂದೆ ನಿನಗಿಂತ ವೇಗದವನಿದ್ದಾನೆ. ಕಪ್ಪು ನಿನ್ನೊಬ್ಬನಿಗೇ ಕರೆ. ಚೌಕಳಿ ಎಂದರೆ ಸರದಿ ಮುಗಿಯಿತು. ಹೊಸಬರ ಗುಂಪಿನಲ್ಲಿ ತಿರುವಿನೊಳಗೆ ಯಾರೂ ಯಾರನ್ನೂ ದಾಟಕೂಡದು. ಕಾಲೇಜು ಹುಡುಗರ ನಡುವೆ ಕೈಕಟ್ಟಿ ಕೂತಿದ್ದ ನಾನು, ನನ್ನ ಹಿಂದಿನ ಬೆಂಚಿನ ವಿದ್ಯಾರ್ಥಿಗಳನ್ನೆಲ್ಲ ಮನಸ್ಸಿನಲ್ಲೇ ಕ್ಷಮಿಸಿದೆ. ಬಿಸಿಲು ಏರಿದಂತೆ ಚರ್ಮದೊಳಗೆ ಮೈ ಬೆಂದಿತು. ಅಳಿಯ ಸರದಿಗೊಮ್ಮೆ ಉಪ್ಪು ಸಕ್ಕರೆಯ ನೀರು ಕುಡಿಸಿದ.

ಆ ದಿನದ ಸಾಹಸವನ್ನು ವರ್ಣಿಸಲಾರೆ, ಸಾಹಸವೇನೂ ನಡೆಯಲಿಲ್ಲ. ಗುಂಪಿನಲ್ಲಿ ನಾನೇ ಅತ್ಯಂತ ನಿಧಾನ. ನೀಲಿ ಬಾವುಟದ ದರ್ಶನ ಮತ್ತೆ ಮತ್ತೆ ಆಯಿತು. ಆದರೆ ಮೂರನೆಯ ಸರದಿಯಲ್ಲಿ ಒಂದು ಬಲತಿರುವಿಗೆ ಸ್ವಲ್ಪ ಹೆಚ್ಚು ವೇಗದಲ್ಲಿ ಬಂದೆ. ಎದೆಯಲ್ಲಿ ಅದೇ ಹಳೆಯ ಹಿಡಿತ, ಹೊರ ಅಂಚು ಕಣ್ಣನ್ನು ಎಳೆಯಿತು. ಕತ್ತನ್ನು ಬಲವಂತವಾಗಿ ತಿರುಗಿಸಿ ದಾರಿ ಹೊರಡುವ ಕಡೆ ನೋಡಿದೆ. ಹ್ಯಾಂಡಲಿನ ಬಲಗೈಯನ್ನು ಮೆಲ್ಲನೆ ಮುಂದಕ್ಕೆ ಒತ್ತಿದೆ. ಬೈಕು ಇನ್ನಷ್ಟು ವಾಲಿ, ಏನೂ ನಡೆಯದವರಂತೆ ತಿರುವನ್ನು ದಾಟಿತು. ಇಷ್ಟೇ! ಮೂರು ವರ್ಷಗಳ ಹಿಂದೆ ಇಷ್ಟೇ ಬೇಕಾಗಿದ್ದದ್ದು. ಹೆಲ್ಮೆಟ್ಟಿನೊಳಗೆ ಅಳುವುದು ಸುಲಭವಲ್ಲ ಕೇಳುಗರೆ. ಕಣ್ಣೊರೆಸಲು ಕೈ ಹೋಗುವುದಿಲ್ಲ. ಕೈಯೆತ್ತಿ ಸೂಚನೆ ಕೊಟ್ಟು ನಿಧಾನವಾಗಿ ಒಳಗೆ ಬಂದೆ. ಅಳಿಯ ಏನೂ ಕೇಳಲಿಲ್ಲ. ಟಯರಿನ ಗಾಳಿ ನೋಡತೊಡಗಿದ.

ಮುಂದಿನ ಭಾನುವಾರ ಅಕ್ಕನ ಮನೆಗೆ ಹೋಗಿದ್ದೆ. ಕನ್ನಡಿ, ನಂಬರ್ ಪ್ಲೇಟು ಎಲ್ಲ ಮತ್ತೆ ಅವುಗಳ ಸ್ಥಾನದಲ್ಲಿದ್ದವು. "ಮಾವ, ಮಾರ್ಕೆಟ್ಟಿನ ತನಕ ಬಿಡುತ್ತೀರಾ?" ಎಂದು ಹುಡುಗ ಹಿಂದಿನ ಸೀಟಿನ ಮೇಲೆ ಕೈಯಿಟ್ಟ. ನಾನು ಅಕ್ಕನ ಮುಖ ನೋಡಿದೆ. ಅವಳು ಒಳಗೆ ಹೋಗಿ ಅವನ ಹೆಲ್ಮೆಟ್ಟು ತಂದು, ಅದರ ಪಟ್ಟಿಯನ್ನು ತಾನೇ ಬಿಗಿದಳು. "ನಿಧಾನ" ಎಂದು ಹೇಳಲಿಲ್ಲ. ಬೀದಿಯ ಕೊನೆಯ ತಿರುವಿನವರೆಗೂ ಗೇಟು ಹಿಡಿದು ನಿಂತಿದ್ದಳೆಂಬುದು ಕನ್ನಡಿಯಲ್ಲಿ ಕಂಡಿತು. ಆಮೇಲೆ ಕನ್ನಡಿಯಿಂದ ಕಣ್ಣು ತೆಗೆದು, ತಿರುವನ್ನು ನೋಡಿದೆ.