ಓಣಿಯ ತೋಟ

ತಿಕೋಟಾ ಸೀಮೆಯವರಿಗೆ ತೋಟವೆಂದರೇನೆಂದು ಹೇಳಿಕೊಡಬೇಕಾಗಿಲ್ಲ. ಮಳೆ ಕಡಿಮೆಯಾದ ನೆಲದಲ್ಲಿ ಹನಿಹನಿ ನೀರುಣಿಸಿ ದ್ರಾಕ್ಷಿ ಬೆಳೆದ ಜನ ಇವರು. ಓಣಿಯ ಉದ್ಯಾನದ ಮಾತು ಬಂದಾಗ ಮಾತ್ರ, ಅದು ಸರಕಾರದ ಕೆಲಸವೆಂದು ಸುಮ್ಮನಾಗುತ್ತೇವೆ.

ಆಮೇಲೆ ಆಗುವುದೇನು? ಊರನ್ನು ಕಾಣದ ನಕ್ಷೆಯೊಂದು ಬರುತ್ತದೆ: ಹುಲ್ಲುಹಾಸು, ಕಾರಂಜಿ, ಸಿಮೆಂಟಿನ ಹಾದಿ. ನಮ್ಮ ಎರೆ ಭೂಮಿಯಾದರೋ ಮಳೆಗೆ ಉಬ್ಬುತ್ತದೆ, ಬೇಸಗೆಗೆ ಬಿರಿಯುತ್ತದೆ. ತಳಪಾಯ ಸರಿಯಿಲ್ಲದಿದ್ದರೆ ಹಾದಿಯೂ ಅದರೊಡನೆ ಬಿರಿಯುತ್ತದೆ. ನಿತ್ಯ ನೀರು ಬೇಡುವ ಹುಲ್ಲು ಬಿಸಿಲಿಗೆ ಒಣಗುತ್ತದೆ.

ನಕ್ಷೆ ಬರೆಯುವ ಮುನ್ನ ಓಣಿಯವರನ್ನು ಕೇಳಿದ್ದರೆ? ಹಿರಿಯರು ಬೇವಿನ ಕೆಳಗೊಂದು ಕಟ್ಟೆ ಬೇಡುವರು. ತಾಯಂದಿರು ದೀಪ, ಕುಡಿಯುವ ನೀರು ಬೇಡುವರು. ಹುಡುಗರಿಗೆ ಆಡಲು ಬಯಲು ಬೇಕು. ಎಲ್ಲವೂ ಒಂದೇ ಜಾಗದಲ್ಲಿ ಹಿಡಿಸಲಿಕ್ಕಿಲ್ಲ, ಜಗಳವೂ ಆದೀತು. ಆಗಲಿ. ಕಟ್ಟಿದ ಮೇಲಿನ ಜಗಳಕ್ಕಿಂತ ಕಾಗದದ ಮೇಲಿನ ಜಗಳ ಅಗ್ಗ.

2016ರ ಸುಮಾರಿಗೆ ಜಿಲ್ಲೆಯಲ್ಲಿ ಮೊದಲಾದ ಕೋಟಿ ವೃಕ್ಷ ಅಭಿಯಾನವು, ಸಸಿ ನೆಡುವ ಕೈಗಳು ನಮ್ಮಲ್ಲಿ ಇವೆಯೆಂದು ತೋರಿಸಿಕೊಟ್ಟಿತು. ಬೇವು, ಹೊಂಗೆ, ಹುಣಸೆ ಈ ನೆಲವನ್ನು ಬಲ್ಲವು. ಆದರೂ ಮೊದಲ ಎರಡು ಮೂರು ಬೇಸಗೆ ಅವಕ್ಕೂ ನೀರಿನ ಆಸರೆ ಬೇಕು. ಯಾವ ಮನೆಯವರು ಯಾವ ಗಿಡ ನೋಡಿಕೊಳ್ಳುವರೆಂಬುದು ಆ ಮೊದಲ ಸಭೆಯಲ್ಲೇ ಗೊತ್ತಾಗಬೇಕು. ದ್ರಾಕ್ಷಿ ಬೆಳೆಗಾರರ ಹನಿ ನೀರಿನ ಅನುಭವ ಅಲ್ಲಿ ಉಪಯೋಗಕ್ಕೆ ಬಂದೀತು.

ಪಟ್ಟಿಗೆ ಸೇರಿದ ಉದ್ಯಾನದ ಜಾಗ ಅನ್ಯ ಕೆಲಸಕ್ಕೆ ಹೋಗದಂತೆ 1985ರ ಕರ್ನಾಟಕದ ಕಾಯಿದೆಯೊಂದು ಕಾಯುತ್ತದೆ. ಆದರೆ ಕಾಯಿದೆ ಜಾಗವನ್ನು ಉಳಿಸೀತು, ಗಿಡಕ್ಕೆ ನೀರು ಹಾಕಲಾರದು. ಅದನ್ನು ಹಾಕುವವರು, ತಮ್ಮನ್ನು ಕೇಳಿ ಮಾಡಿದ್ದೆಂದು ಬಲ್ಲ ನೆರೆಹೊರೆಯವರೇ.